ನೋಡ್‌ನಲ್ಲಿ 43 ಪಾಡ್‌ಗಳಷ್ಟೇ ಇದ್ದರೂ ಐಪಿ ವಿಳಾಸ ಖಾಲಿ ಎಂಬ ದೋಷ: ಪಾಡ್‌ಗಳಿಗೆ ವಿಳಾಸ ಹಂಚುವವರು ಯಾರು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ಕುಬರ್ನೆಟಿಸ್ (ಕಂಟೈನರ್‌ಗಳನ್ನು ಹಲವು ಯಂತ್ರಗಳ ಮೇಲೆ ಓಡಿಸಿ ನಿರ್ವಹಿಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ ಒಂದೇ ವಾರದೊಳಗೆ ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಮೂರು ತೊಂದರೆಗಳೂ ಪಾಡ್‌ಗಳ (ಒಂದೇ ಐಪಿ ವಿಳಾಸ ಹಂಚಿಕೊಂಡು ಓಡುವ ಕಂಟೈನರ್ ಗುಂಪುಗಳ) ಐಪಿ ವಿಳಾಸಕ್ಕೆ ಸಂಬಂಧಿಸಿದವು ಎಂಬುದು ಮಾತ್ರ ಗೊತ್ತಾಗಿದೆ. ಅವುಗಳ ನಡುವೆ ನಂಟು ಇದೆಯೇ, ಇದ್ದರೆ ಯಾವುದು ಎಂಬುದು ಹೊಳೆಯುತ್ತಿಲ್ಲ.

ಕ್ಲಸ್ಟರನ್ನು ಕ್ಯೂಬ್‌ಎಡಿಎಂ ಎಂಬ ಸ್ಥಾಪನಾ ಸಾಧನದ ಮೂಲಕ ನಮ್ಮದೇ ಯಂತ್ರಗಳ ಮೇಲೆ ಕಟ್ಟಿದ್ದೇವೆ. ಕ್ಲಸ್ಟರನ್ನು ನಿಯಂತ್ರಿಸುವ ಕಂಟ್ರೋಲ್ ಪ್ಲೇನ್‌ಗೆ 3 ಯಂತ್ರಗಳು, ಕೆಲಸಕ್ಕೆ 12 ವರ್ಕರ್ ನೋಡ್‌ಗಳು (ಪಾಡ್‌ಗಳು ಓಡುವ ಯಂತ್ರಗಳು) ಇವೆ. ಕಂಟೈನರ್‌ಗಳನ್ನು ಓಡಿಸುವ ರನ್‌ಟೈಮ್ ಕಂಟೈನರ್‌ಡಿ, ಪಾಡ್‌ಗಳ ನಡುವಿನ ನೆಟ್‌ವರ್ಕ್ ನೋಡಿಕೊಳ್ಳುವುದು ಫ್ಲಾನೆಲ್. ಪಾಡ್‌ಗಳಿಗೆಂದು 10.20.0.0/20 ವ್ಯಾಪ್ತಿಯನ್ನು ಕೊಟ್ಟಿದ್ದೇವೆ, ಅಂದರೆ ಒಟ್ಟು 4096 ವಿಳಾಸಗಳು. ಇಡೀ ಕ್ಲಸ್ಟರ್‌ನಲ್ಲಿ ಒಮ್ಮೆಗೆ ಓಡುವ ಪಾಡ್‌ಗಳ ಸಂಖ್ಯೆ 600ನ್ನು ಎಂದೂ ದಾಟಿಲ್ಲ.

ಮೊದಲನೆಯ ತೊಂದರೆ ಏನೆಂದರೆ, ಕಳೆದ ವಾರ ಸೇರಿಸಿದ 13ನೆಯ ವರ್ಕರ್ ನೋಡ್ ರೆಡಿ ಸ್ಥಿತಿಗೆ ಬರುತ್ತಲೇ ಇಲ್ಲ. ಅದರ ಈವೆಂಟ್‌ಗಳಲ್ಲಿ ಸಿಐಡಿಆರ್ (ಐಪಿ ವಿಳಾಸಗಳ ವ್ಯಾಪ್ತಿ) ಲಭ್ಯವಿಲ್ಲ ಎಂಬ ಸಂದೇಶ ಇದೆ. ಎರಡನೆಯದಾಗಿ, ಹಳೆಯ ನೋಡ್‌ಗಳಲ್ಲಿ ಒಂದರ ಮೇಲೆ ಹೊಸ ಪಾಡ್‌ಗಳು ಕಂಟೈನರ್ ಸೃಷ್ಟಿಯ ಹಂತದಲ್ಲೇ ನಿಂತುಬಿಡುತ್ತವೆ, 10.20.7.1ರಿಂದ 10.20.7.254ರವರೆಗಿನ ವ್ಯಾಪ್ತಿಯಲ್ಲಿ ಯಾವ ವಿಳಾಸವೂ ಉಳಿದಿಲ್ಲ ಎಂಬ ದೋಷ ಬರುತ್ತದೆ. ಆದರೆ ಆ ನೋಡ್‌ನಲ್ಲಿರುವುದು 43 ಪಾಡ್‌ಗಳು ಮಾತ್ರ. ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದೆ: ಅದೇ ನೋಡ್‌ನ ಎರಡು ಪಾಡ್‌ಗಳ ಎದುರು 10.20.7.88 ಎಂಬ ಒಂದೇ ವಿಳಾಸ ಕಾಣಿಸುತ್ತಿದೆ.

ಪಾಡ್‌ಗೆ ವಿಳಾಸ ಕೊಡುವುದು ಷೆಡ್ಯೂಲರೋ, ಕ್ಲಸ್ಟರ್‌ನ ದಾಖಲೆಗಳನ್ನು ನಿರ್ವಹಿಸುವ ಎಪಿಐ ಸರ್ವರೋ, ಫ್ಲಾನೆಲ್ಲೋ, ಅಥವಾ ಒಳಗೆಲ್ಲೋ ವಿಳಾಸ ಹಂಚುವ ಒಂದು ಡಿಎಚ್‌ಸಿಪಿ ಸರ್ವರ್ ಇದೆಯೋ? ಇದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕೆಂದಿದ್ದೇನೆ. ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಮಸ್ಕಾರ. ವಿವರಗಳನ್ನು ಅಂಕಿಗಳೊಂದಿಗೆ ಕೊಟ್ಟಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ನೀವು ಹೆಸರಿಸಿದ ನಾಲ್ವರಲ್ಲಿ ಯಾರೊಬ್ಬರೂ ಪಾಡ್‌ಗೆ ನೇರವಾಗಿ ವಿಳಾಸ ಕೊಡುವುದಿಲ್ಲ. ಹಂಚಿಕೆ ಎರಡು ಕೈಗಳಲ್ಲಿ ನಡೆಯುತ್ತದೆ, ಮತ್ತು ಆ ಎರಡು ಕೈಗಳು ಒಂದರ ಲೆಕ್ಕವನ್ನು ಇನ್ನೊಂದು ನೋಡುವುದೇ ಇಲ್ಲ. ನಿಮ್ಮ ಮೊದಲೆರಡು ತೊಂದರೆಗಳು ಬೇರೆ ಬೇರೆ ಕೈಗಳಿಗೆ ಸೇರಿದವು. ಹಾಗಾಗಿ ಅವನ್ನು ಬೇರೆಬೇರೆಯಾಗಿಯೇ ಹುಡುಕಬೇಕು.

ಮೊದಲ ಕೈ, ಕಂಟ್ರೋಲ್ ಪ್ಲೇನ್‌ನಲ್ಲಿ ಓಡುವ ಕ್ಯೂಬ್ ಕಂಟ್ರೋಲರ್ ಮ್ಯಾನೇಜರ್‌ನ ಒಳಗಿರುವ ನೋಡ್ ಐಪ್ಯಾಮ್ (ಐಪಿ ವಿಳಾಸ ನಿರ್ವಹಣೆ) ಕಂಟ್ರೋಲರ್. ಹೊಸ ನೋಡ್ ಕ್ಲಸ್ಟರ್ ಸೇರಿದ ಕೂಡಲೇ ಅದು ಒಟ್ಟು ವ್ಯಾಪ್ತಿಯಿಂದ ಒಂದು ತುಂಡನ್ನು ಕತ್ತರಿಸಿ, ನೋಡ್ ಆಬ್ಜೆಕ್ಟ್‌ನ (ಕ್ಲಸ್ಟರ್‌ನಲ್ಲಿರುವ ಆ ನೋಡ್‌ನ ದಾಖಲೆಯ) ಸ್ಪೆಕ್‌ನಲ್ಲಿರುವ ಪಾಡ್‌ಸಿಐಡಿಆರ್ ಎಂಬ ಜಾಗದಲ್ಲಿ ಬರೆದಿಡುತ್ತದೆ. ನೀವು ಬೇರೆ ಅಳತೆ ಹೇಳದಿದ್ದರೆ ಐಪಿವಿ4ನಲ್ಲಿ ಆ ತುಂಡು /24, ಅಂದರೆ 256 ವಿಳಾಸಗಳದ್ದು ಆಗಿರುತ್ತದೆ. ಒಂದು ನೋಡ್‌ಗೆ ಗರಿಷ್ಠ 110 ಪಾಡ್ ಎಂಬುದು ಪ್ರತಿ ನೋಡ್‌ನಲ್ಲೂ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್‌ನ ಪೂರ್ವನಿಗದಿತ ಮಿತಿ. /24ರಲ್ಲಿ ಅದರ ದುಪ್ಪಟ್ಟಿಗಿಂತ ಹೆಚ್ಚು ವಿಳಾಸಗಳಿರುವುದರಿಂದ ಹಳೆಯ ಪಾಡ್ ಅಳಿದು ಹೊಸದು ಹುಟ್ಟುವಾಗ ಬಿಟ್ಟುಕೊಟ್ಟ ವಿಳಾಸವನ್ನೇ ಕೂಡಲೇ ಮರಳಿ ಬಳಸಬೇಕಾದ ಪ್ರಸಂಗ ಬರುವುದಿಲ್ಲ. ಒಮ್ಮೆ ಬರೆದ ಪಾಡ್‌ಸಿಐಡಿಆರ್ ಅನ್ನು ಆಮೇಲೆ ತಿದ್ದಲು ಎಪಿಐ ಸರ್ವರ್ ಬಿಡುವುದಿಲ್ಲ. ಬೇರೆ ತುಂಡು ಬೇಕೆಂದರೆ ನೋಡ್ ಆಬ್ಜೆಕ್ಟನ್ನು ಅಳಿಸಿ ಮತ್ತೆ ಸೇರಿಸಬೇಕು.

ಎರಡನೆಯ ಕೈ ಆಯಾ ನೋಡ್‌ನಲ್ಲೇ ಇರುತ್ತದೆ. ಷೆಡ್ಯೂಲರ್ ಒಂದು ಪಾಡನ್ನು ನೋಡ್‌ಗೆ ಕಳುಹಿಸಿದ ಮೇಲೆ, ಕ್ಯೂಬ್‌ಲೆಟ್‌ನ ಮಾತಿನಂತೆ ಕಂಟೈನರ್‌ಡಿ ಆ ಪಾಡ್‌ಗೊಂದು ಸ್ಯಾಂಡ್‌ಬಾಕ್ಸ್ ಕಟ್ಟುತ್ತದೆ; ಪಾಸ್ ಎಂಬ ಪುಟ್ಟ ಕಂಟೈನರ್ ಹಿಡಿದುಕೊಂಡಿರುವ ನೆಟ್‌ವರ್ಕ್ ನೇಮ್‌ಸ್ಪೇಸ್ ಅದೇ. ಆಗ ಕಂಟೈನರ್‌ಡಿ, ಪಾಡ್‌ಗೆ ನೆಟ್‌ವರ್ಕ್ ಜೋಡಿಸುವ ಸಿಎನ್‌ಐ ಪ್ಲಗಿನ್‌ಗೆ ಆಡ್ (ಸೇರಿಸು) ಆಜ್ಞೆ ಕೊಡುತ್ತದೆ, ಆ ಪ್ಲಗಿನ್ ವಿಳಾಸಕ್ಕಾಗಿ ಐಪ್ಯಾಮ್ ಪ್ಲಗಿನ್ನನ್ನು ಕೇಳುತ್ತದೆ. ಫ್ಲಾನೆಲ್ ಇರುವ ಕಡೆ ಸಾಮಾನ್ಯವಾಗಿ ಈ ಕೆಲಸ ಮಾಡುವುದು ಹೋಸ್ಟ್‌ಲೋಕಲ್ ಎಂಬ ಸರಳ ಪ್ಲಗಿನ್. ತನ್ನ ನೋಡ್‌ಗೆ ಬಂದ ತುಂಡಿನೊಳಗೆ ಬಿಡುವಾಗಿರುವ ಒಂದು ವಿಳಾಸವನ್ನು ಅದು ಆರಿಸಿಕೊಡುತ್ತದೆ. ವಿಳಾಸ ಸೇರಿರುವುದು ಸ್ಯಾಂಡ್‌ಬಾಕ್ಸ್‌ಗೆ ಆದ್ದರಿಂದ, ಪಾಡ್‌ನೊಳಗಿನ ಕಂಟೈನರ್ ಎಷ್ಟು ಸಲ ಬಿದ್ದು ಎದ್ದರೂ ವಿಳಾಸ ಬದಲಾಗುವುದಿಲ್ಲ. ಪಾಡ್ ಅಳಿದು ಹೊಸದು ಬಂದರೆ ಬದಲಾಗುತ್ತದೆ.

ಈಗ ನಿಮ್ಮ ಮೊದಲ ತೊಂದರೆ. /20 ವ್ಯಾಪ್ತಿಯನ್ನು /24ರ ತುಂಡುಗಳಾಗಿ ಕತ್ತರಿಸಿದರೆ ಸಿಗುವುದು 16 ತುಂಡುಗಳು. ಓಡುತ್ತಿರುವ ಪಾಡ್‌ಗಳು 600 ಇರಲಿ 60 ಇರಲಿ, ಮೊದಲ ಕೈ ಎಣಿಸುವುದು ಪಾಡ್‌ಗಳನ್ನಲ್ಲ, ನೋಡ್‌ಗಳನ್ನು. ಕಂಟ್ರೋಲ್ ಪ್ಲೇನ್‌ನ 3 ಯಂತ್ರಗಳೂ ನೋಡ್‌ಗಳೇ ಆದ್ದರಿಂದ ಅವುಗಳಿಗೂ ಒಂದೊಂದು /24 ಹೋಗಿದೆ, ಅಲ್ಲಿ ಓಡುವ ಪಾಡ್‌ಗಳಲ್ಲಿ ಹೆಚ್ಚಿನವು ಹೋಸ್ಟ್ ನೆಟ್‌ವರ್ಕನ್ನೇ (ಯಂತ್ರದ ಸ್ವಂತ ನೆಟ್‌ವರ್ಕ್) ಬಳಸಿ ತುಂಡನ್ನು ಮುಟ್ಟದಿದ್ದರೂ. 3 ಮತ್ತು 12 ಸೇರಿದರೆ 15 ಆಗುತ್ತದೆ. ಹಾಗಿದ್ದರೆ ನಿಮ್ಮ 13ನೆಯ ವರ್ಕರ್‌ಗೆ ಒಂದು ತುಂಡು ಉಳಿದಿರಲೇಬೇಕಿತ್ತು. ಅದನ್ನು ಹಿಡಿದಿಟ್ಟುಕೊಂಡವರು ಯಾರು ಎಂಬುದೇ ಪ್ರಶ್ನೆ. ಕ್ಯೂಬ್‌ಸಿಟಿಎಲ್ ಎಂಬ ಆಜ್ಞಾ ಸಾಧನದಲ್ಲಿ ನೋಡ್‌ಗಳ ಪಟ್ಟಿಯನ್ನು ಪಾಡ್‌ಸಿಐಡಿಆರ್ ಸಹಿತ ತೆಗೆದು ನೋಡಿ. ಈಗ ಬಳಕೆಯಲ್ಲಿಲ್ಲದ ಯಂತ್ರದ ಹೆಸರೊಂದು ಅದರಲ್ಲಿ ಉಳಿದಿರಬಹುದು ಎಂಬ ಅನುಮಾನ ನನ್ನದು. ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ತುಂಡು ಮರಳಿ ಬರುವುದಿಲ್ಲ, ನೋಡ್ ಆಬ್ಜೆಕ್ಟ್ ಅಳಿದಾಗಲೇ ಅದು ಬಿಡುಗಡೆಯಾಗುವುದು.

ಎರಡನೆಯ ತೊಂದರೆಗೆ, ಆ ನೋಡ್‌ನೊಳಗೆ ಹೋಗಿ ವರ್, ಲಿಬ್, ಸಿಎನ್‌ಐ, ನೆಟ್‌ವರ್ಕ್ಸ್ ಎಂಬ ಹಾದಿಯಲ್ಲಿ ಇಳಿದು, ಅಲ್ಲಿ ಸಿಬಿಆರ್0 ಎಂಬ ಡೈರೆಕ್ಟರಿಯಲ್ಲಿ ಎಷ್ಟು ಫೈಲ್‌ಗಳಿವೆ ಎಂದು ಎಣಿಸಿ ತಿಳಿಸಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ನಿಮ್ಮ ಅನುಮಾನ ನಿಜವಾಯಿತು. ಪಟ್ಟಿಯಲ್ಲಿ 17 ಹೆಸರುಗಳಿದ್ದವು. ಅವುಗಳಲ್ಲಿ ಒಂದು, ಹಾರ್ಡ್‌ವೇರ್ ಕೆಟ್ಟಿತೆಂದು ತಿಂಗಳುಗಳ ಹಿಂದೆಯೇ ನಾವು ತೆಗೆದುಹಾಕಿದ್ದ ಯಂತ್ರದ್ದು. ಅದು ನಾಟ್ ರೆಡಿ ಸ್ಥಿತಿಯಲ್ಲೇ ಕುಳಿತು 10.20.5.0/24 ಅನ್ನು ಹಿಡಿದುಕೊಂಡಿತ್ತು. ಆ ನೋಡ್ ಆಬ್ಜೆಕ್ಟನ್ನು ಅಳಿಸಿದ ಸ್ವಲ್ಪ ಹೊತ್ತಿನಲ್ಲೇ ಹೊಸ ನೋಡ್‌ಗೆ ಅದೇ ತುಂಡು ಸಿಕ್ಕಿ, ಪಾಡ್ ಸಿಐಡಿಆರ್ ನಿಗದಿಯಾಗಿಲ್ಲ ಎಂದು ಅಲ್ಲಿಯವರೆಗೆ ಬೀಳುತ್ತಿದ್ದ ಫ್ಲಾನೆಲ್ ಪಾಡ್ ಎದ್ದು ನಿಂತಿತು. ನೋಡ್ ರೆಡಿ ಆಯಿತು.

ಸಿಬಿಆರ್0 ಡೈರೆಕ್ಟರಿಯಲ್ಲಿ 255 ಫೈಲ್‌ಗಳಿವೆ. 253 ಫೈಲ್‌ಗಳಿಗೆ 10.20.7.2ರಿಂದ 10.20.7.254ರವರೆಗಿನ ವಿಳಾಸಗಳೇ ಹೆಸರು. ಉಳಿದ ಎರಡರಲ್ಲಿ ಒಂದು ಲಾಕ್, ಇನ್ನೊಂದು ಕೊನೆಯದಾಗಿ ಕೊಟ್ಟ ವಿಳಾಸವನ್ನು ನೆನಪಿಟ್ಟುಕೊಳ್ಳುವ ಫೈಲ್. ಒಂದು ಫೈಲನ್ನು ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ಉದ್ದನೆಯ ಗುರುತು ಸಂಖ್ಯೆ, ಎರಡನೆಯ ಸಾಲಿನಲ್ಲಿ ಇತ್0 ಎಂದಷ್ಟೇ ಇದೆ. ಆ ಗುರುತು ಸಂಖ್ಯೆಯನ್ನು, ರನ್‌ಟೈಮನ್ನು ನೇರವಾಗಿ ಕೇಳುವ ಕ್ರಿಸಿಟಿಎಲ್ ಸಾಧನದಲ್ಲಿ ಹುಡುಕಿದರೆ ಅಂಥ ಸ್ಯಾಂಡ್‌ಬಾಕ್ಸ್ ಎಲ್ಲೂ ಇಲ್ಲ. ಇದರ ಅರ್ಥವೇನು?

ಉತ್ತರ 2

ಅರ್ಥ ಇಷ್ಟೇ: ಆ ವಿಳಾಸವನ್ನು ಪಡೆದವರು ಹೋಗಿಬಿಟ್ಟಿದ್ದಾರೆ, ವಿಳಾಸ ಮಾತ್ರ ಅವರ ಹೆಸರಿನಲ್ಲೇ ಉಳಿದಿದೆ. ಹೋಸ್ಟ್‌ಲೋಕಲ್‌ನ ಇಡೀ ಲೆಕ್ಕಪುಸ್ತಕವೇ ಆ ಡೈರೆಕ್ಟರಿ. ವಿಳಾಸ ಕೊಡುವಾಗ ಅದೇ ಹೆಸರಿನ ಫೈಲ್ ಹುಟ್ಟುತ್ತದೆ; ಸ್ಯಾಂಡ್‌ಬಾಕ್ಸ್ ನಿಂತಾಗ ರನ್‌ಟೈಮ್ ಡೆಲ್ (ತೆಗೆ) ಆಜ್ಞೆ ಕೊಟ್ಟರೆ ಆ ಫೈಲ್ ಅಳಿಯುತ್ತದೆ. ಡೆಲ್ ಬಾರದೆ ಹೋದರೆ ಫೈಲ್ ಅಲ್ಲೇ ಇರುತ್ತದೆ, ಏಕೆಂದರೆ ಹೋಸ್ಟ್‌ಲೋಕಲ್ ಹಿನ್ನೆಲೆಯಲ್ಲಿ ಓಡುವ ಸೇವೆಯಲ್ಲ. ಕರೆದಾಗ ಬಂದು, ಹೇಳಿದ ಒಂದು ಕೆಲಸ ಮುಗಿಸಿ ಹೋಗುವ ಪ್ರೋಗ್ರಾಂ ಅದು. ತಾನು ಕೊಟ್ಟ ವಿಳಾಸವನ್ನು ಪಡೆದವರು ಇನ್ನೂ ಬದುಕಿದ್ದಾರೆಯೇ ಎಂದು ನೋಡಿಬರುವ ವ್ಯವಸ್ಥೆ ಅದರಲ್ಲಿಲ್ಲ.

ನಿಮ್ಮ 43 ಪಾಡ್‌ಗಳಲ್ಲಿ ಕ್ಯೂಬ್ ಪ್ರಾಕ್ಸಿ ಮತ್ತು ಫ್ಲಾನೆಲ್ ಹೋಸ್ಟ್ ನೆಟ್‌ವರ್ಕ್ ಬಳಸುವುದರಿಂದ ಅವುಗಳಿಗೆ ವಿಳಾಸ ಬೇಕಿಲ್ಲ. ಉಳಿದ 41ಕ್ಕೆ 41 ಫೈಲ್‌ಗಳಿದ್ದರೆ ಸಾಕಿತ್ತು. ಹಾಗಾಗಿ 212 ಫೈಲ್‌ಗಳು ಹಳೆಯವು. ಇಷ್ಟೊಂದು ಒಂದೊಂದಾಗಿ ಸೇರಿರುವುದು ಕಡಿಮೆ ಸಂಭವ. ಆ ನೋಡ್‌ನಲ್ಲಿ ಯಾರಾದರೂ ಕಂಟೈನರ್‌ಡಿಯ ದತ್ತಾಂಶದ ಡೈರೆಕ್ಟರಿಯನ್ನು ಅಳಿಸಿದ್ದಾರೆಯೇ ಎಂದು ವಿಚಾರಿಸಿ. ಡಿಸ್ಕ್ ತುಂಬಿದಾಗ ಹಾಗೆ ಮಾಡುವವರಿದ್ದಾರೆ, ನಾನೂ ಒಮ್ಮೆ ಮಾಡಿ ಇದೇ ಸ್ಥಿತಿಗೆ ಬಂದಿದ್ದೆ. ಅದನ್ನು ಅಳಿಸಿದರೆ ಯಾವ ಸ್ಯಾಂಡ್‌ಬಾಕ್ಸ್‌ಗಳಿದ್ದವು ಎಂಬುದನ್ನೇ ರನ್‌ಟೈಮ್ ಮರೆಯುತ್ತದೆ. ಮರೆತದ್ದಕ್ಕೆ ಡೆಲ್ ಕೊಡುವವರು ಯಾರು? ಸಿಎನ್‌ಐ ಡೈರೆಕ್ಟರಿ ಬೇರೆ ಜಾಗದಲ್ಲಿರುವುದರಿಂದ ಆ ಹೊತ್ತಿನಲ್ಲಿದ್ದ ಎಲ್ಲ ಪಾಡ್‌ಗಳ ಫೈಲ್‌ಗಳೂ ಒಟ್ಟಿಗೆ ಅನಾಥವಾಗುತ್ತವೆ.

ಇಲ್ಲೇ ನಿಮ್ಮ ಮೂರನೆಯ ತೊಂದರೆಯ ಉತ್ತರವೂ ಇದೆ. ಒಂದೇ ವಿಳಾಸ ತೋರಿಸುವ ಆ ಎರಡು ಪಾಡ್‌ಗಳ ಸ್ಥಿತಿಯನ್ನು ನೋಡಿ; ಒಂದು ಕಂಪ್ಲೀಟೆಡ್ ಆಗಿರಬೇಕು. ಜಾಬ್ ಮುಗಿದ ಪಾಡ್‌ನ ಸ್ಯಾಂಡ್‌ಬಾಕ್ಸ್ ನಿಂತು ವಿಳಾಸ ಬಿಡುಗಡೆಯಾಗಿರುತ್ತದೆ, ಆದರೆ ಪಾಡ್ ಆಬ್ಜೆಕ್ಟ್‌ನ ಸ್ಟೇಟಸ್‌ನಲ್ಲಿ ಹಳೆಯ ವಿಳಾಸ ಹಾಗೆಯೇ ಕಾಣಿಸುತ್ತಿರುತ್ತದೆ. ಸಾಮಾನ್ಯವಾಗಿ ಇದು ಕಣ್ಣಿಗೆ ಬೀಳುವುದು ಅಪರೂಪ, ಏಕೆಂದರೆ ಹೋಸ್ಟ್‌ಲೋಕಲ್ ಕೊನೆಯದಾಗಿ ಕೊಟ್ಟ ವಿಳಾಸದ ಮುಂದಿನಿಂದ ಹುಡುಕುತ್ತಾ ಇಡೀ ತುಂಡನ್ನು ಒಂದು ಸುತ್ತು ಹಾಕಿದ ಮೇಲಷ್ಟೇ ಬಿಟ್ಟ ವಿಳಾಸಕ್ಕೆ ಮರಳುತ್ತದೆ. ನಿಮ್ಮ ನೋಡ್‌ನಲ್ಲಿ 212 ವಿಳಾಸಗಳು ಕಟ್ಟಿಹೋಗಿರುವುದರಿಂದ ಸುತ್ತುವುದಕ್ಕೆ ಜಾಗವೇ ಇಲ್ಲ. ಯಾವ ವಿಳಾಸ ಬಿಡುಗಡೆಯಾಯಿತೋ ಅದೇ ಮರುಕ್ಷಣ ಇನ್ನೊಂದು ಪಾಡ್‌ಗೆ ಹೋಗುತ್ತದೆ. ಹಾಗಾಗಿ ಅದು ನಿಜವಾದ ವಿಳಾಸ ಘರ್ಷಣೆಯಲ್ಲ. ಆದರೂ ನಿಮ್ಮ ಭಯ ವ್ಯರ್ಥವಲ್ಲ: ಮುಗಿದ ಪಾಡ್‌ನ ವಿಳಾಸವನ್ನು ಹಿಡಿದುಕೊಂಡ ಬೇರೆ ಪ್ರೋಗ್ರಾಂ ಇದ್ದರೆ ಅದು ಈಗ ಪರಕೀಯ ಪಾಡ್‌ನೊಂದಿಗೆ ಮಾತನಾಡುತ್ತಿರಬಹುದು.

ಶುಚಿಗೊಳಿಸುವಾಗ ದಯವಿಟ್ಟು ಆತುರಪಡಬೇಡಿ. ಬದುಕಿರುವ ಪಾಡ್‌ನ ಫೈಲನ್ನು ತಪ್ಪಿ ಅಳಿಸಿದರೆ ಹೋಸ್ಟ್‌ಲೋಕಲ್ ಆ ವಿಳಾಸವನ್ನು ಇನ್ನೊಬ್ಬರಿಗೆ ಕೊಡುತ್ತದೆ, ಆಗ ನಿಜವಾದ ಘರ್ಷಣೆಯೇ ಉಂಟಾಗುತ್ತದೆ. ಓಡುತ್ತಿರುವ ನೋಡ್‌ನಲ್ಲಿ ಗುರುತು ಸಂಖ್ಯೆಗಳನ್ನು ಹೋಲಿಸಿ ಅಳಿಸುವ ಸ್ಕ್ರಿಪ್ಟ್ ಬರೆಯಬಹುದು, ಆದರೆ ನೀವು ಹೋಲಿಸುತ್ತಿರುವಾಗಲೇ ಹೊಸ ಪಾಡ್ ಹುಟ್ಟಿದರೆ ಪಟ್ಟಿ ಹಳತಾಗುತ್ತದೆ. ಆದ್ದರಿಂದ ಮೊದಲು ನೋಡನ್ನು ಡ್ರೈನ್ ಮಾಡಿ, ಅಂದರೆ ಅದರಲ್ಲಿರುವ ಪಾಡ್‌ಗಳನ್ನು ತೆರವು ಮಾಡಿ. ಆಮೇಲೆ ಕ್ಯೂಬ್‌ಲೆಟ್ ನಿಲ್ಲಿಸಿ. ಡೀಮನ್‌ಸೆಟ್‌ನ (ಪ್ರತಿ ನೋಡ್‌ಗೂ ಒಂದೊಂದರಂತೆ ಓಡುವ) ಪಾಡ್‌ಗಳು ಡ್ರೈನ್‌ನಲ್ಲಿ ಹೋಗಿರುವುದಿಲ್ಲ. ಉಳಿದ ಸ್ಯಾಂಡ್‌ಬಾಕ್ಸ್‌ಗಳನ್ನು ಕ್ರಿಸಿಟಿಎಲ್‌ನಿಂದಲೇ ನಿಲ್ಲಿಸಿ ತೆಗೆಯಿರಿ, ಏಕೆಂದರೆ ಹಾಗೆ ನಿಲ್ಲಿಸಿದಾಗ ಡೆಲ್ ಸರಿಯಾಗಿ ಹೋಗುತ್ತದೆ. ಇಷ್ಟಾದ ಮೇಲೂ ಡೈರೆಕ್ಟರಿಯಲ್ಲಿ ವಿಳಾಸದ ಹೆಸರಿನ ಫೈಲ್‌ಗಳು ಉಳಿದಿದ್ದರೆ ಅವೆಲ್ಲವೂ ಅನಾಥವೇ, ನಿಶ್ಚಿಂತೆಯಿಂದ ಅಳಿಸಬಹುದು. ಕೊನೆಗೆ ಯಂತ್ರವನ್ನು ರೀಬೂಟ್ ಮಾಡಿ, ನೋಡನ್ನು ಮತ್ತೆ ಬಳಕೆಗೆ ತೆರೆಯಿರಿ.

ಉತ್ತರ 3

ಮೇಲಿನ ಇಬ್ಬರ ವಿವರಣೆಯೂ ಸರಿಯಾಗಿದೆ. ಆದರೆ ಇಲ್ಲಿ ಮೂಲ ಕೊರತೆ ಇರುವುದು ಸ್ಥಿರ ತುಂಡುಗಳ ಪದ್ಧತಿಯಲ್ಲೇ ಎಂದು ನನಗನಿಸುತ್ತದೆ. ಒಂದು ನೋಡ್‌ನಲ್ಲಿ 5 ಪಾಡ್ ಇದ್ದರೂ 256 ವಿಳಾಸಗಳು ಅದರ ಪಾಲಿಗೇ ಬಿದ್ದಿರುತ್ತವೆ, ಪಕ್ಕದ ನೋಡ್‌ಗೆ ಬೇಕಾದರೂ ಸಿಗುವುದಿಲ್ಲ. ತುಂಡಿನ ಅಳತೆ ಎಲ್ಲ ನೋಡ್‌ಗಳಿಗೂ ಒಂದೇ ಆಗಿರಬೇಕೆಂಬುದು ಮತ್ತೊಂದು ಕಟ್ಟು. ನೋಡ್‌ಗೆ ತಕ್ಕಂತೆ ಬೇರೆ ಬೇರೆ ಅಳತೆ ಕೊಡಲು ಕ್ಲಸ್ಟರ್‌ಸಿಐಡಿಆರ್ ಎಂಬ ಪ್ರಾಯೋಗಿಕ ಸೌಲಭ್ಯ ಕುಬರ್ನೆಟಿಸ್‌ನಲ್ಲಿ ಬಂದಿತ್ತು, ಆದರೆ 1.29ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು.

ಫ್ಲಾನೆಲ್‌ನ ಬದಲು ಬಳಸಬಹುದಾದ ಕ್ಯಾಲಿಕೋ ಬೇರೆ ದಾರಿ ಹಿಡಿದಿದೆ. ಅದರ ಸ್ವಂತ ಐಪ್ಯಾಮ್ ಬಳಸಿದಾಗ ಅದು ನೋಡ್‌ನ ಪಾಡ್‌ಸಿಐಡಿಆರ್ ಅನ್ನು ನೋಡುವುದಿಲ್ಲ. ಪೂಲ್‌ನಿಂದ /26 ಅಳತೆಯ, ಅಂದರೆ 64 ವಿಳಾಸಗಳ ಬ್ಲಾಕನ್ನು ನೋಡ್‌ಗೆ ಕೊಡುತ್ತದೆ; ಅದು ತುಂಬಿದರೆ ಇನ್ನೊಂದು ಬ್ಲಾಕ್ ಕೊಡುತ್ತದೆ; ಹೊಸ ಬ್ಲಾಕ್ ಸಿಗದೆ ಹೋದರೆ ಬೇರೆ ನೋಡ್‌ನ ಬ್ಲಾಕ್‌ನಿಂದ ಬಿಡಿ ವಿಳಾಸವನ್ನು ಎರವಲು ಪಡೆಯುತ್ತದೆ. ನಿಮ್ಮ 4096 ವಿಳಾಸಗಳಲ್ಲಿ 64 ಬ್ಲಾಕ್‌ಗಳಾಗುತ್ತವೆ. ನಿಮ್ಮ 600 ಪಾಡ್‌ಗಳಿಗೆ ಅದು ಬೇಕಾದಷ್ಟಾಯಿತು. ಅನಾಥ ವಿಳಾಸಗಳ ವಿಷಯದಲ್ಲೂ ಅದು ಮೇಲು: ಪಾಡ್ ಇಲ್ಲದೆ ಉಳಿದ ವಿಳಾಸವನ್ನು ಅದರ ಕಂಟ್ರೋಲರ್ ಗುರುತಿಸಿ, ಪೂರ್ವನಿಗದಿಯಂತೆ 15 ನಿಮಿಷ ಕಾದು ಬಿಡುಗಡೆ ಮಾಡುತ್ತದೆ. ಬ್ಲಾಕ್‌ನ ಅಳತೆಯನ್ನು ಮಾತ್ರ ಪೂಲ್ ಸೃಷ್ಟಿಸುವಾಗಲೇ ಯೋಚಿಸಿ ಇಡಬೇಕು, ಆಮೇಲೆ ತಿದ್ದಲಾಗದು.

ಇದನ್ನು ಓದುತ್ತಿರುವ ಇತರರು ಕ್ಲೌಡ್‌ನಲ್ಲಿ ಕ್ಲಸ್ಟರ್ ನಡೆಸುತ್ತಿದ್ದರೆ ಲೆಕ್ಕ ಇನ್ನೂ ಬೇರೆ. ಅಮೆಜಾನ್‌ನ ವಿಪಿಸಿ ಸಿಎನ್‌ಐ ಪಾಡ್‌ಗಳಿಗೆ ಸಬ್‌ನೆಟ್‌ನ ವಿಳಾಸಗಳನ್ನೇ ಕೊಡುತ್ತದೆ. ಆದ್ದರಿಂದ ಮಿತಿ ಬರುವುದು ಯಂತ್ರಕ್ಕೆ ಜೋಡಿಸಬಹುದಾದ ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಸಂಖ್ಯೆಯಿಂದ. ಎಂ5.ಲಾರ್ಜ್ ಯಂತ್ರಕ್ಕೆ 3 ಇಂಟರ್‌ಫೇಸ್, ಒಂದೊಂದಕ್ಕೆ 10 ವಿಳಾಸ. ಪ್ರತಿಯೊಂದರಲ್ಲೂ ಮೊದಲನೆಯದು ಇಂಟರ್‌ಫೇಸ್‌ಗೇ ಹೋಗುವುದರಿಂದ ಉಳಿಯುವುದು 27, ಹೋಸ್ಟ್ ನೆಟ್‌ವರ್ಕ್ ಬಳಸುವ 2 ಪಾಡ್‌ಗಳನ್ನು ಸೇರಿಸಿದರೆ ಗರಿಷ್ಠ 29. ಬಿಡಿ ವಿಳಾಸಗಳ ಬದಲು 16 ವಿಳಾಸಗಳ /28 ಗೊಂಚಲುಗಳನ್ನು ಪಡೆಯುವ ಸೌಲಭ್ಯವನ್ನು ತೆರೆದರೆ ಈ ಮಿತಿ ಸಡಿಲವಾಗುತ್ತದೆ, ಆದರೆ ಸಬ್‌ನೆಟ್ ಅಷ್ಟೇ ಬೇಗ ಬರಿದಾಗುತ್ತದೆ.

ಉತ್ತರ 1 ಬರೆದವರು

ಕ್ಯಾಲಿಕೋ ಕುರಿತ ಮಾತುಗಳನ್ನು ಒಪ್ಪುತ್ತೇನೆ. ಹೊಸ ಕ್ಲಸ್ಟರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಓಡುತ್ತಿರುವ ಕ್ಲಸ್ಟರ್‌ನಲ್ಲಿ ಸಿಎನ್‌ಐ ಬದಲಾಯಿಸುವುದೆಂದರೆ ಪ್ರತಿಯೊಂದು ಪಾಡನ್ನೂ ಹೊಸದಾಗಿ ಹುಟ್ಟಿಸಬೇಕು. ಪ್ರಶ್ನೆ ಕೇಳಿದವರ ಮುಂದಿರುವುದು ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡುವ ಕಾಯಿಲೆಯಲ್ಲ. ಇಲ್ಲಿ ವಿಳಾಸಗಳು ಸಾಲದೆ ಬಂದಿರಲಿಲ್ಲ. ಒಂದು ಕಡೆ ಸತ್ತ ನೋಡ್, ಇನ್ನೊಂದು ಕಡೆ ಸತ್ತ ಸ್ಯಾಂಡ್‌ಬಾಕ್ಸ್‌ಗಳು ಅವನ್ನು ಬಿಡದೆ ಹಿಡಿದುಕೊಂಡಿದ್ದವು. ವ್ಯಾಪ್ತಿಯನ್ನು ಎಷ್ಟು ಹಿಗ್ಗಿಸಿದ್ದರೂ 10.20.7.0/24ರ ಆ 212 ಫೈಲ್‌ಗಳು ಅಲ್ಲೇ ಇರುತ್ತಿದ್ದವು.

ಆದರೂ ಈಗ 13 ವರ್ಕರ್ ಮತ್ತು 3 ಕಂಟ್ರೋಲ್ ಪ್ಲೇನ್ ಸೇರಿ 16 ತುಂಡುಗಳೂ ಮುಗಿದಿವೆ. ಮುಂದಿನ ನೋಡ್ ಬರುವ ಮೊದಲೇ ವ್ಯಾಪ್ತಿಯನ್ನು 10.20.0.0/19ಕ್ಕೆ ಹಿಗ್ಗಿಸುವುದು ಒಳಿತು; 32 ತುಂಡುಗಳಾಗುತ್ತವೆ. ಹೊಸ ವ್ಯಾಪ್ತಿ ಹಳೆಯದನ್ನು ಪೂರ್ತಿ ಒಳಗೊಂಡಿರುವುದು ಕಡ್ಡಾಯ, ಏಕೆಂದರೆ ಇರುವ ನೋಡ್‌ನ ತುಂಡು ವ್ಯಾಪ್ತಿಯ ಹೊರಗೆ ಬಿದ್ದರೆ ಹಂಚುವ ಕಂಟ್ರೋಲರ್ ಶುರುವಾಗುವುದೇ ಇಲ್ಲ. ಮೊದಲು 10.20.16.0ರಿಂದ 10.20.31.255ರವರೆಗಿನ ವಿಳಾಸಗಳನ್ನು ನಿಮ್ಮ ಒಳಜಾಲದಲ್ಲಿ, ವಿಪಿಎನ್‌ನಲ್ಲಿ, ನೋಡ್‌ಗಳ ಸ್ವಂತ ಸಬ್‌ನೆಟ್‌ನಲ್ಲಿ ಯಾರೂ ಬಳಸುತ್ತಿಲ್ಲ ಎಂದು ನೆಟ್‌ವರ್ಕ್ ನೋಡಿಕೊಳ್ಳುವವರಿಂದ ಖಚಿತಪಡಿಸಿಕೊಳ್ಳಿ. ಇಲ್ಲಿ ಅವಸರ ಮಾಡಿದರೆ ಕೆಲವು ಪಾಡ್‌ಗಳಿಗೆ ಮಾತ್ರ ಕೆಲವು ಸರ್ವರ್‌ಗಳು ಸಿಗುವುದಿಲ್ಲ ಎಂಬಂಥ, ಹಿಡಿಯಲು ಬಹಳ ಕಷ್ಟವಾದ ದೋಷಗಳು ಬರುತ್ತವೆ. ಸರ್ವೀಸ್‌ಗಳ ವ್ಯಾಪ್ತಿ ಕ್ಯೂಬ್‌ಎಡಿಎಂನಲ್ಲಿ ಪೂರ್ವನಿಗದಿಯಂತೆ 10.96.0.0/12, ನೀವು ಅದನ್ನು ಬದಲಿಸಿಲ್ಲವಾದರೆ ಅಲ್ಲಿ ತೊಡಕಿಲ್ಲ.

ಅನಂತರ ಮೂರೂ ಕಂಟ್ರೋಲ್ ಪ್ಲೇನ್ ಯಂತ್ರಗಳಲ್ಲಿ ಕಂಟ್ರೋಲರ್ ಮ್ಯಾನೇಜರ್‌ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಕ್ಲಸ್ಟರ್ ಸಿಐಡಿಆರ್ ತಿದ್ದಿ. ಕ್ಯೂಬ್‌ಲೆಟ್ ಅದನ್ನು ಗಮನಿಸಿ ಕಂಟ್ರೋಲರ್ ಮ್ಯಾನೇಜರನ್ನು ತಾನಾಗಿಯೇ ಮರುಪ್ರಾರಂಭಿಸುತ್ತದೆ. ಫ್ಲಾನೆಲ್‌ನ ಕಾನ್ಫಿಗ್‌ಮ್ಯಾಪ್‌ನಲ್ಲಿರುವ (ಕ್ಲಸ್ಟರ್‌ನಲ್ಲಿ ಸೆಟ್ಟಿಂಗ್‌ಗಳನ್ನು ಇಡುವ ದಾಖಲೆ) ನೆಟ್‌ವರ್ಕ್ ಮೌಲ್ಯ, ಕ್ಯೂಬ್ ಪ್ರಾಕ್ಸಿಯ ಕ್ಲಸ್ಟರ್ ಸಿಐಡಿಆರ್, ಕ್ಯೂಬ್‌ಎಡಿಎಂನ ಕಾನ್ಫಿಗ್‌ಮ್ಯಾಪ್ ಇವುಗಳನ್ನೂ ತಿದ್ದಿ ಫ್ಲಾನೆಲ್ ಮತ್ತು ಕ್ಯೂಬ್ ಪ್ರಾಕ್ಸಿಯ ಪಾಡ್‌ಗಳನ್ನು ಮರುಪ್ರಾರಂಭಿಸಿ. ಕ್ಯೂಬ್‌ಎಡಿಎಂನ ಕಾನ್ಫಿಗ್‌ಮ್ಯಾಪನ್ನು ಮರೆತರೆ ಈಗ ಏನೂ ಆಗುವುದಿಲ್ಲ, ಮುಂದಿನ ಅಪ್‌ಗ್ರೇಡ್‌ನಲ್ಲಿ ಹಳೆಯ ವ್ಯಾಪ್ತಿ ಸದ್ದಿಲ್ಲದೆ ಮರಳಿ ಬರುತ್ತದೆ. ಮೊದಲು ಪರೀಕ್ಷೆಯ ಕ್ಲಸ್ಟರೊಂದರಲ್ಲಿ ಮಾಡಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾಡಿದ್ದನ್ನು ಮುಂದೆ ಹುಡುಕಿ ಬರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಮ್ಮ ತಂಡದಲ್ಲಿ ವಿಚಾರಿಸಿದಾಗ, ಆ ನೋಡ್‌ನ ಡಿಸ್ಕ್ ತುಂಬಿದ್ದ ಮೂರು ಸಂದರ್ಭಗಳಲ್ಲಿ ಕಂಟೈನರ್‌ಡಿಯ ಡೈರೆಕ್ಟರಿಯನ್ನು ಅಳಿಸಿದ್ದು ನಿಜವೆಂದು ತಿಳಿಯಿತು. ಪ್ರತಿ ಸಲವೂ ಅಲ್ಲಿ 70ರ ಆಸುಪಾಸು ಪಾಡ್‌ಗಳಿದ್ದವು, ಲೆಕ್ಕ ಸರಿಹೊಂದುತ್ತದೆ. ಡ್ರೈನ್ ಮಾಡಿ, ಕ್ಯೂಬ್‌ಲೆಟ್ ನಿಲ್ಲಿಸಿ, ಉಳಿದ ಸ್ಯಾಂಡ್‌ಬಾಕ್ಸ್‌ಗಳನ್ನು ಕ್ರಿಸಿಟಿಎಲ್‌ನಿಂದ ತೆಗೆದ ಮೇಲೆ ಎಣಿಸಿದಾಗ ವಿಳಾಸದ ಹೆಸರಿನ ಫೈಲ್‌ಗಳು ಸರಿಯಾಗಿ 212 ಉಳಿದಿದ್ದವು. ಅವನ್ನು ಅಳಿಸುವ ಮೊದಲು ಮನಸ್ಸಿನ ಸಮಾಧಾನಕ್ಕೆಂದು ಹತ್ತು ಫೈಲ್‌ಗಳ ಗುರುತು ಸಂಖ್ಯೆಗಳನ್ನು ಕೈಯಾರೆ ಹುಡುಕಿದೆ, ಒಂದೂ ಸಿಗಲಿಲ್ಲ. 10.20.7.88 ತೋರಿಸುತ್ತಿದ್ದ ಎರಡು ಪಾಡ್‌ಗಳಲ್ಲಿ ಒಂದು ಹಿಂದಿನ ರಾತ್ರಿ ಮುಗಿದ ಕ್ರಾನ್‌ಜಾಬ್‌ನದ್ದಾಗಿತ್ತು (ನಿಗದಿತ ಸಮಯಕ್ಕೆ ಓಡುವ ಜಾಬ್).

ವ್ಯಾಪ್ತಿಯನ್ನು ಹಿಗ್ಗಿಸುವ ಕೆಲಸವನ್ನು ಪರೀಕ್ಷೆಯ ಕ್ಲಸ್ಟರ್‌ನಲ್ಲಿ ಮಾಡಿ ನೋಡಿದ ಮೇಲೆ ನಿನ್ನೆ ಇಲ್ಲಿಯೂ ಮುಗಿಸಿದೆವು. ಇಂದು ಬೆಳಿಗ್ಗೆ ಸೇರಿಸಿದ 14ನೆಯ ವರ್ಕರ್‌ಗೆ 10.20.16.0/24 ಸಿಕ್ಕಿದೆ, ಅದರ ಮೊದಲ ಪಾಡ್ 10.20.16.2 ವಿಳಾಸದೊಂದಿಗೆ ಓಡುತ್ತಿದೆ. ಪ್ರತಿ ನೋಡ್‌ನಲ್ಲೂ ಸಿಬಿಆರ್0 ಫೈಲ್‌ಗಳ ಸಂಖ್ಯೆಯನ್ನೂ ಬದುಕಿರುವ ಸ್ಯಾಂಡ್‌ಬಾಕ್ಸ್‌ಗಳ ಸಂಖ್ಯೆಯನ್ನೂ ಹೋಲಿಸಿ, ಅಂತರ 20 ದಾಟಿದರೆ ಎಚ್ಚರಿಸುವ ಪುಟ್ಟ ಸ್ಕ್ರಿಪ್ಟನ್ನು ಗಂಟೆಗೊಮ್ಮೆ ಓಡುವಂತೆ ಇಟ್ಟಿದ್ದೇನೆ. ಅದು ಇನ್ನೆರಡು ನೋಡ್‌ಗಳನ್ನು ಈಗಾಗಲೇ ತೋರಿಸಿಕೊಟ್ಟಿದೆ; ಒಂದರಲ್ಲಿ 64, ಇನ್ನೊಂದರಲ್ಲಿ 71 ಅನಾಥ ಫೈಲ್‌ಗಳಿವೆ. ನಾಳೆ ಅವುಗಳ ಸರದಿ.